ಹೊರನಾಡಿನಿಂದ ಹೊರನಾಡಿಗೆ

"ದೇಶ ಸುತ್ತಬೇಕು, ಕೋಶ ಓದಬೇಕು" ಎಂಬುದು ನಮ್ಮ ಹಿರಿಯರು ಹೇಳಿಕೊಂಡು ಬಂದ ಮಾತು. ಕೋಶ ಓದುವ ಭಾಗ್ಯ ನಮ್ಮ ಮನೆತನದಲ್ಲಿ ನನಗೇ ಮೊದಲು ಒದಗಿತು. ದೇಶ ಸುತ್ತುವ ಭಾಗ್ಯವೂ ಈ ವರ್ಷ ಮನೆಯ ಬಾಗಿಲವರೆಗೆ ಬಂದು ನಿಂತಿತ್ತು. ಅದನ್ನು ನಾನು ಹಿಂದಕ್ಕೆ ಕಳುಹಿಸಿದೆ. ಏಕೆ ಕಳುಹಿಸಿದೆನೆಂಬುದನ್ನೂ, ಅದರಿಂದ ನನ್ನ ಅಲ್ಪಮತಿಗೆ ತೋರಿದ ಅಭಿಪ್ರಾಯವನ್ನೂ ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನನ್ನ ಊರು ಕಳಸದಾಚೆಯ ಹೊರನಾಡು. ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಎಲ್ಲೆಲ್ಲಿಂದಲೋ ಜನ ಬಂದು, ಉಂಡು, ಸಂತೋಷದಿಂದ ಹಿಂದಿರುಗುತ್ತಾರೆ. ಆ ಊರಿನ ಮಕ್ಕಳಾದ ನಾವು ಮಾತ್ರ ಹೊರಗಿನ ನಾಡನ್ನು ಕಾಣುವುದೆಂದರೆ ಕೊಟ್ಟಿಗೆಹಾರ ದಾಟಿ ಮೂಡಿಗೆರೆಗೋ ಚಿಕ್ಕಮಗಳೂರಿಗೋ ಬಂದಷ್ಟೇ. ಹೀಗಿರುವಾಗ ಕಳೆದ ದಸರಾ ರಜೆಯಲ್ಲಿ ಪಟ್ಟಣದ ಏಜೆಂಟರೊಬ್ಬರು, ಥಾಯ್ಲೆಂಡಿನ ಶಾಲೆಯೊಂದರಲ್ಲಿ ಮೂರು ತಿಂಗಳ ಕಾಲ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸವಿದೆಯೆಂದು ತಿಳಿಸಿದಾಗ, ನನ್ನ ಮನಸ್ಸು ಅದೆಷ್ಟು ಹಿಗ್ಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಊಟ ವಸತಿ ಅಲ್ಲಿಯವರದು. ತೊಂಬತ್ತು ಸಾವಿರ ರೂಪಾಯಿ ಕಟ್ಟಿದರೆ ಕಾಗದಪತ್ರಗಳನ್ನೆಲ್ಲ ತಾವೇ ನೋಡಿಕೊಳ್ಳುವುದಾಗಿ ಅವರು ಹೇಳಿದರು.

ಅಪ್ಪ ಎಸ್ಟೇಟಿನಲ್ಲಿ ದಿನಗೂಲಿಗೆ ದುಡಿಯುವವರು. ನಮಗಿರುವುದು ಅರ್ಧ ಎಕರೆ ಅಡಿಕೆ ತೋಟ, ಅದರ ಮರಗಳಿಗೆ ಹಬ್ಬಿದ ಒಂದಿಷ್ಟು ಮೆಣಸಿನ ಬಳ್ಳಿ. ಮೆಣಸು ಮಾರಿ, ಉಳಿದದ್ದಕ್ಕೆ ಅಮ್ಮನ ಕರಿಮಣಿ ಸರವನ್ನು ಬ್ಯಾಂಕಿನಲ್ಲಿಡುವ ಮಾತೂ ನಡೆಯಿತು. ಏಜೆಂಟರು ಸಹಿಗಾಗಿ ಕಳುಹಿಸಿದ್ದ ಹಾಳೆಗಳನ್ನು ಕೈಯಲ್ಲಿ ಹಿಡಿದು ಅಪ್ಪ, "ಹಣದ ಮಾತು ಆಮೇಲಾಗಲಿ. ಇದರಲ್ಲಿ ಏನು ಬರೆದಿದೆ, ಓದಿ ಹೇಳು ಮಗಾ" ಎಂದರು.

ಓದಿದೆ. ಪ್ರಯಾಣದ ಉದ್ದೇಶವೇನೆಂಬ ಅಂಕಣದ ಎದುರು 'ಪ್ರವಾಸ' ಎಂದು ಅಚ್ಚಾಗಿತ್ತು. ಪಾಠ ಹೇಳುವ ಮಾತು ಎಲ್ಲಿಯೂ ಇರಲಿಲ್ಲ. ಶಾಲೆಯ ಹೆಸರೂ ಇರಲಿಲ್ಲ. ಫೋನು ಮಾಡಿ ಕೇಳಿದ್ದಕ್ಕೆ, "ಅದೆಲ್ಲ ಸುಮ್ಮನೆ ಒಂದು ಶಾಸ್ತ್ರ. ಅಲ್ಲಿಗೆ ಹೋದ ಮೇಲೆ ಸರಿಮಾಡಿಸೋಣ" ಎಂಬ ಉತ್ತರ ಬಂದಿತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಅಜ್ಜಿಗೂ ಮೇಸ್ತ್ರಿ ಹೀಗೆಯೇ ಹೇಳಿದ್ದ" ಎಂದರು.

ನನ್ನ ಅಜ್ಜಿ ಘಟ್ಟದ ಕೆಳಗಿನವರು. ಮೇಸ್ತ್ರಿಯಿಂದ ಮುಂಗಡ ಪಡೆದು, ತಮಗೆ ಓದಲು ಬಾರದ ಕಾಗದವೊಂದಕ್ಕೆ ಹೆಬ್ಬೆಟ್ಟು ಒತ್ತಿ, ಒಂದು ಹಂಗಾಮಿನ ಮಟ್ಟಿಗೆಂದು ಕಾಫಿ ತೋಟಕ್ಕೆ ಬಂದವರು. ಮುಂಗಡ ಎಷ್ಟು, ತೀರಿದ್ದೆಷ್ಟು ಎಂಬುದು ಮೇಸ್ತ್ರಿಯ ಪುಸ್ತಕಕ್ಕೇ ಗೊತ್ತು. ಆ ಲೆಕ್ಕ ಮುಗಿಯುವಷ್ಟರಲ್ಲಿ ಲೈನ್ ಮನೆಯಲ್ಲಿ ಅವರ ತಲೆ ನೆರೆತಿತ್ತು. ಅವರಿಗೆ ಓದಲು ಬರುತ್ತಿರಲಿಲ್ಲ. ನನಗೆ ಓದಲು ಬರುತ್ತದೆ. ಓದಿಯೂ ಸಹಿ ಮಾಡಿದ್ದರೆ, ಈ ಮೂರು ವರ್ಷ ನಾನು ಕಲಿತದ್ದಾದರೂ ಏನು?

ಮುಂದಿನ ವಾರವೇ ನಮ್ಮ ಇಂಗ್ಲಿಷ್ ಅಧ್ಯಾಪಕರನ್ನು ಕಂಡು ವಿಚಾರಿಸಿದೆ. ಆಗ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಕೊಡುತ್ತೇನೆ, ಮತ್ತೊಬ್ಬರಿಗೆ ಉಪಯೋಗವಾದೀತು.

ಪ್ರವಾಸದ ವೀಸಾದ ಮೇಲೆ ಹೋದವರು ಥಾಯ್ಲೆಂಡಿನಲ್ಲಿ ಕೆಲಸ ಮಾಡುವಂತಿಲ್ಲ. ಕೆಲಸಕ್ಕೆಂದೇ 'ನಾನ್ ಇಮಿಗ್ರೆಂಟ್ ಬಿ' ಎಂಬ ಬೇರೆ ವೀಸಾ ಇದೆ. ಅದರ ಜೊತೆಗೆ ಕೆಲಸದ ಪರವಾನಗಿಯೂ ಬೇಕು. ಶಾಲೆಯಲ್ಲಿ ಪಾಠ ಹೇಳಬೇಕಾದರೆ ಅಲ್ಲಿಯ ಶಿಕ್ಷಕರ ಮಂಡಳಿಯ ಅನುಮತಿಯೂ ಬೇಕು. ಇವಿಲ್ಲದೆ ಸಿಕ್ಕಿಬಿದ್ದವರಿಗೆ ದಂಡ, ಬಳಿಕ ಗಡೀಪಾರು. ಸಂಬಳ ಕೊಡದಿದ್ದರೆ ದೂರು ಕೊಡಲು ಠಾಣೆಯ ಮೆಟ್ಟಿಲೇರುವಂತೆಯೂ ಇಲ್ಲ. ಏರಿದರೆ ಮೊದಲ ಅಪರಾಧಿ ತಾನೇ ಆಗುವುದು. ಮೇಸ್ತ್ರಿಯ ಪುಸ್ತಕಕ್ಕೂ ಇದಕ್ಕೂ ಹೆಚ್ಚಿನ ಅಂತರವೇನಿದೆ?

ಇದು ಬರಿಯ ಹೆದರಿಕೆಯ ಮಾತಲ್ಲ. ಥಾಯ್ಲೆಂಡಿನಲ್ಲಿ ಒಳ್ಳೆಯ ಉದ್ಯೋಗವೆಂದು ನಂಬಿಸಿ ಕರೆದೊಯ್ದ ಭಾರತದ ತರುಣರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಾಡಿಯಲ್ಲಿ ಕೂಡಿಹಾಕಿ, ಕಂಪ್ಯೂಟರಿನ ಮೂಲಕ ಜನರನ್ನು ವಂಚಿಸುವ ಕೆಲಸಕ್ಕೆ ಹಚ್ಚಿದ ಸುದ್ದಿ 2022ರಲ್ಲಿ ಹೊರಬಿದ್ದಿತು. ಆ ಸೆಪ್ಟೆಂಬರಿನಲ್ಲಿ ನಮ್ಮ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. 2025ರ ಮಾರ್ಚಿನಲ್ಲಿ ಹೀಗೆ ಸಿಕ್ಕಿಕೊಂಡಿದ್ದ 500ಕ್ಕೂ ಹೆಚ್ಚು ಮಂದಿಯನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಅವರು ಓದುಬರಹ ಬಾರದವರಲ್ಲ. ಕಂಪ್ಯೂಟರ್ ಬಲ್ಲವರು, ನಮ್ಮಂತೆಯೇ ಕೆಲಸ ಹುಡುಕುತ್ತಿದ್ದವರು.

ಹಾಗಾದರೆ ಸರಿಯಾದ ದಾರಿ ಯಾವುದು? ಮೊದಲನೆಯದು ಪಾಸ್‌ಪೋರ್ಟು, ಹಿಂದಿನವರು ಇದನ್ನು ರಹದಾರಿ ಎನ್ನುತ್ತಿದ್ದರು. 36 ಪುಟದ ಪುಸ್ತಕಕ್ಕೆ ಸರಕಾರದ ಶುಲ್ಕ 1,500 ರೂಪಾಯಿ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ವಲಸೆ ತಪಾಸಣೆ ಬೇಕೆಂಬ ಗುರುತು ಬೀಳುತ್ತದೆ. ಅಂಥವರು ಗಲ್ಫ್ ದೇಶಗಳು, ಮಲೇಷಿಯಾ, ಥಾಯ್ಲೆಂಡ್ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಸರಕಾರದ ಅನುಮತಿ ಪಡೆಯಬೇಕು. ಅಪ್ಪ ಹೊರಟರೆ ಈ ಗುರುತು ಬೀಳುವುದು, ನನಗೆ ಬೀಳದು. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ: ಓದಿದವರು ತಮ್ಮನ್ನು ತಾವೇ ಕಾಪಾಡಿಕೊಂಡಾರೆಂದು ಸರಕಾರ ನಂಬಿದೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ ನಮ್ಮದು.

ಎರಡನೆಯದು ಹೆಸರಿನ ತೊಡಕು. ನನ್ನ ಹೆಸರಿನ ಹಿಂದಿರುವ 'ಎಚ್' ಎಂದರೆ ಹೊರನಾಡು. ಪಾಸ್‌ಪೋರ್ಟು ಇಂಥ ಒಂಟಿ ಅಕ್ಷರಗಳನ್ನು ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆ ಇದ್ದರೆ ಅಲೆದಾಟ ತಪ್ಪದು. ಬಿಡಿಸಿ ಬರೆದರೆ, ಪರದೇಶದ ಅಧಿಕಾರಿ ನನ್ನನ್ನು 'ಮಿಸ್ ಹೊರನಾಡು' ಎಂದೇ ಕರೆದಾನು! ನಗುವ ಮಾತಾದರೂ ಇದು ಲಘುವಾದುದಲ್ಲ. ಒಂದೇ ಪದದ ಹೆಸರುಳ್ಳ ಪಾಸ್‌ಪೋರ್ಟಿನವರಿಗೆ ಭೇಟಿಯ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ನಿಯಮ ಮಾಡಿತು.

ಮೂರನೆಯದು ಪದವಿಪತ್ರದ ದೃಢೀಕರಣ. ರಾಜ್ಯದ ಅಧಿಕಾರಿಗಳು ದೃಢೀಕರಿಸಿದ ಮೇಲೆ ವಿದೇಶಾಂಗ ಸಚಿವಾಲಯ ಅಪೋಸ್ಟಿಲ್ ಎಂಬ ಮುದ್ರೆ ಹಾಕುತ್ತದೆ. 1961ರ ಹೇಗ್ ಒಡಂಬಡಿಕೆಯಿಂದ ಬಂದ ಈ ಪದ್ಧತಿ ಭಾರತದಲ್ಲಿ 2005ರ ಜುಲೈಯಿಂದ ಜಾರಿಯಲ್ಲಿದೆ. ಸಚಿವಾಲಯದ ಶುಲ್ಕ ಪತ್ರವೊಂದಕ್ಕೆ 50 ರೂಪಾಯಿ. ಒಡಂಬಡಿಕೆಗೆ ಸೇರದ ದೇಶವಾದರೆ ಅದರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಇದರೊಂದಿಗೆ ಪಾಸ್‌ಪೋರ್ಟ್ ಕಚೇರಿ ಕೊಡುವ ಪೊಲೀಸ್ ನಿರಪರಾಧ ಪತ್ರವನ್ನೂ ಹಲವರು ಕೇಳುತ್ತಾರೆ. ಇನ್ನು ಏಜೆಂಟರ ವಿಷಯ: 1983ರ ವಲಸೆ ಕಾಯಿದೆಯಂತೆ ಅವರು ನೋಂದಣಿ ಪಡೆದಿರಲೇಬೇಕು, ತೆರಿಗೆ ಹೊರತಾಗಿ 30,000 ರೂಪಾಯಿಗಿಂತ ಹೆಚ್ಚು ಸೇವಾಶುಲ್ಕ ತೆಗೆದುಕೊಳ್ಳುವಂತಿಲ್ಲ. ನನ್ನನ್ನು ಕೇಳಿದ್ದು ಅದರ ಮೂರು ಪಟ್ಟು!

"ಇಷ್ಟೆಲ್ಲ ಕಾಗದ ಕೇಳಿದರೆ ಬಡವರ ಮಕ್ಕಳು ಹೋಗುವುದು ಹೇಗೆ?" ಎಂದು ಗೆಳತಿಯೊಬ್ಬಳು ಕೇಳಿದಳು. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ನಿಯಮಗಳೆಲ್ಲವೂ ಧರ್ಮದ ತಕ್ಕಡಿಯಲ್ಲಿ ತೂಗಿದವು ಎಂದು ನಾನೂ ಹೇಳಲಾರೆ. ಕೊರಿಯಾ ದೇಶ ಇಂಗ್ಲಿಷ್ ಬೋಧಕರ ವೀಸಾವನ್ನು ಮುಖ್ಯವಾಗಿ ಅಮೆರಿಕ, ಇಂಗ್ಲೆಂಡ್ ಮೊದಲಾದ ಏಳು ದೇಶಗಳ ಪ್ರಜೆಗಳಿಗೆ ಮೀಸಲಿಟ್ಟಿದೆ. ವ್ಯಾಕರಣವನ್ನು ಬೆವರು ಸುರಿಸಿ ಕಲಿತವರಿಗಿಂತ ತೊಟ್ಟಿಲಲ್ಲಿ ಕಲಿತವರೇ ಒಳ್ಳೆಯ ಗುರುಗಳೆಂಬುದು ಯಾವ ನ್ಯಾಯ? ಆದರೂ 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಂತೆ, ಪದವಿಯ ಜೊತೆಗೆ ಶಿಕ್ಷಕ ಅರ್ಹತೆಯುಳ್ಳ ಭಾರತೀಯರಿಗೆ ಅಲ್ಲಿಯ ಶಾಲೆಗಳಲ್ಲಿ ಸಹಾಯಕ ಬೋಧಕರಾಗುವ ಅವಕಾಶ ತೆರೆದಿದೆ. ನ್ಯಾಯವಾದ ಬಾಗಿಲು ಕಿರಿದಾಗಿದೆ, ನಿಜ, ಆದರೆ ಇದೆ. ಕಳ್ಳದಾರಿ ಹಿಡಿದವರಿಗೆ ಆ ಬಾಗಿಲನ್ನು ಇನ್ನಷ್ಟು ಅಗಲ ಮಾಡಿರೆಂದು ಕೇಳುವ ಬಾಯಿಯೂ ಉಳಿಯದು.

ಬಾಬಾ ಬುಡನ್ ಅವರು ಏಳು ಕಾಫಿ ಬೀಜಗಳನ್ನು ಅಡಗಿಸಿ ತಂದು ನಮ್ಮ ಗಿರಿಯಲ್ಲಿ ನೆಟ್ಟರೆಂಬ ಪ್ರತೀತಿ ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ಬೀಜವನ್ನು ಅಡಗಿಸಿ ತರಬಹುದು, ಅದು ಬೇರು ಬಿಡುತ್ತದೆ; ಮನುಷ್ಯರು ಅಡಗಿಕೊಂಡು ಬಾಳಲಾರರು. ತಾನು ಮಾಡುವ ಕೆಲಸವನ್ನು ಉಳ್ಳದ್ದು ಉಳ್ಳಂತೆ ಹೇಳುವ ಕಾಗದವೊಂದು ಕೈಯಲ್ಲಿರಬೇಕು. ಅದಿಲ್ಲದೆ ಹೊರಡಬಾರದು ಎಂಬುದೇ ನನ್ನ ಅಭಿಪ್ರಾಯದ ಸಾರ.

ಈ ದಿಸೆಯಲ್ಲಿ ಕಾಲೇಜಿನಿಂದ ಆಗಬೇಕಾದ ಕೆಲಸ ದೊಡ್ಡದೇನಲ್ಲ. ಅಂತಿಮ ವರ್ಷದವರಿಗೆ ವಾರಕ್ಕೊಂದು ಗಂಟೆ ಈ ಅರ್ಜಿ ನಮೂನೆಗಳನ್ನು ಓದಿಸಲಿ. ಗ್ರಂಥಾಲಯದ ಒಂದು ಕಪಾಟಿನಲ್ಲಿ ನಿಯಮಗಳನ್ನು ಕನ್ನಡದಲ್ಲಿ ಬರೆದಿಡಲಿ. ಹಾಗೆ ಬರೆಯುವ ಕೆಲಸವನ್ನು ನಾವು ವಿದ್ಯಾರ್ಥಿಗಳೇ ವಹಿಸಿಕೊಳ್ಳಬಹುದು. ಪ್ರೌಢಶಾಲೆಯ ಅಧ್ಯಾಪಕರು ಅಂಕಪಟ್ಟಿಗೆ ಹೆಸರು ಬರೆಯುವಾಗಲೇ ತಂದೆತಾಯಿಗಳನ್ನು ಕರೆಸಿ ಓದಿ ಹೇಳಲಿ. ತಂದೆಯೂ ತಾತನೂ ಓದಿದ ಮನೆಯ ಮಕ್ಕಳಿಗೆ ಇದೆಲ್ಲ ಊಟದ ಮಣೆಯ ಮೇಲೇ ತಿಳಿದುಬಿಡುತ್ತದೆ. ನಮ್ಮಂಥವರಿಗೆ ಕಾಲೇಜೇ ಹೇಳಬೇಕು. ಕಾಲೇಜು ಹೇಳದಿದ್ದರೆ ಏಜೆಂಟ್ ಹೇಳುತ್ತಾನೆ.

ಕೊನೆಯದಾಗಿ ನನ್ನ ಮಾತು. ಹಾಳೆಗಳನ್ನು ಸಹಿ ಮಾಡದೆ ಹಿಂದಿರುಗಿಸಿದೆ. ಪರೀಕ್ಷೆ ಮುಗಿದ ಬಳಿಕ ಬಿ.ಎಡ್.ಗೆ ಅರ್ಜಿ ಹಾಕಬೇಕೆಂದಿದ್ದೇನೆ. ಈ ವರ್ಷದ ಮೆಣಸಿನ ಹಣದಲ್ಲಿ 1,500 ರೂಪಾಯಿಯನ್ನು ಅಪ್ಪ ಬೇರೆಯಾಗಿ ತೆಗೆದಿಟ್ಟಿದ್ದಾರೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ನನ್ನ ಹೆಸರಿನ 'ಎಚ್' ಅನ್ನು ನಾನೇ ಬಿಡಿಸಿ ಬರೆಯುವವಳಿದ್ದೇನೆ. ಬರೆದದ್ದನ್ನು ಮೊದಲು ಅವರಿಗೆ ಓದಿ ಹೇಳಿ, ಬಳಿಕ ಸಹಿ ಮಾಡುತ್ತೇನೆ.