ಡ್ರಮ್ಸ್ ಇಲ್ಲದ ಬ್ಲೂಸ್

ಜಾಝ್ ಮತ್ತು ಬ್ಲೂಸನ್ನು ಬೆರೆಸಲು ಹೊರಟವರು ಸಾಮಾನ್ಯವಾಗಿ ವಾದ್ಯಗಳನ್ನು ಹೆಚ್ಚಿಸುತ್ತಾ ಹೋಗುತ್ತಾರೆ. ಇಂಗ್ಲೆಂಡಿನ ಜಾನ್ ಮೇಯಲ್ 1969ರಲ್ಲಿ ಇದಕ್ಕೆ ತದ್ವಿರುದ್ಧವಾದುದನ್ನು ಮಾಡಿದರು. ‘ದಿ ಟರ್ನಿಂಗ್ ಪಾಯಿಂಟ್’ ಆಲ್ಬಮ್ ಇಂದಿಗೂ ಹಳಸದಿರುವುದಕ್ಕೆ ಅದೇ ಕಾರಣ ಎಂಬುದು ನನ್ನ ಅಂಬೋಣ.

ಮೇಯಲ್ ಅವರ ‘ಬ್ಲೂಸ್‌ಬ್ರೇಕರ್ಸ್’ ತಂಡ ಗಿಟಾರ್ ವಾದಕರ ಗರಡಿಮನೆಯಾಗಿತ್ತು. ಎರಿಕ್ ಕ್ಲಾಪ್ಟನ್, ಪೀಟರ್ ಗ್ರೀನ್, ಮಿಕ್ ಟೇಲರ್ ಒಬ್ಬರ ಹಿಂದೊಬ್ಬರು ಅಲ್ಲಿ ಪಳಗಿ ಹೊರಬಿದ್ದವರು. ಟೇಲರ್ ರೋಲಿಂಗ್ ಸ್ಟೋನ್ಸ್ ಸೇರಿದಾಗ ಮೇಯಲ್ ಮತ್ತೊಬ್ಬ ಅಬ್ಬರದ ಗಿಟಾರಿಗನ ಬೆನ್ನು ಹತ್ತಲಿಲ್ಲ. ಡ್ರಮ್ಸನ್ನೂ ಕೈಬಿಟ್ಟರು. ಬೆರಳಲ್ಲಿ ಮೀಟುವ ಅಕೂಸ್ಟಿಕ್ ಗಿಟಾರಿಗೆ ಜಾನ್ ಮಾರ್ಕ್, ಸ್ಯಾಕ್ಸೋಫೋನ್ ಮತ್ತು ಫ್ಲೂಟಿಗೆ ಜಾನಿ ಆಲ್ಮಂಡ್, ಬೇಸ್ ಗಿಟಾರಿಗೆ ಸ್ಟೀವ್ ಥಾಂಪ್ಸನ್, ಹಾಡಲು ಮತ್ತು ಹಾರ್ಮೋನಿಕಾ ನುಡಿಸಲು ತಾವೇ. ಈ ನಾಲ್ವರು ಆ ವರ್ಷದ ಜುಲೈಯಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ಕೊಟ್ಟ ಕಛೇರಿಯೇ ಈ ಆಲ್ಬಮ್.

ಡ್ರಮ್ಸ್ ಬಿಡುವುದು ಜಾಝ್‌ನಲ್ಲಿ ಹೊಸತೇನಲ್ಲ. ಅಮೆರಿಕದ ಜಿಮ್ಮಿ ಜೂಫ್ರಿ 1950ರ ದಶಕದಲ್ಲೇ ಡ್ರಮ್ಸ್ ಇಲ್ಲದ ಮೂವರ ತಂಡ ಕಟ್ಟಿದ್ದರು. ಆದರೆ ಏರುದನಿಯೇ ಬಂಡವಾಳವಾಗಿದ್ದ ಬ್ರಿಟಿಷ್ ಬ್ಲೂಸ್‌ಗೆ ಅದು ದೊಡ್ಡ ಸಾಹಸವೇ.

ಈ ಆಲ್ಬಮ್ಮಿನ, ಒಂಬತ್ತು ನಿಮಿಷ ಮೀರುವ ‘ಕ್ಯಾಲಿಫೋರ್ನಿಯಾ’ ಕೇಳಿ. ಬೇಸ್ ಒಂದು ಪುಟ್ಟ ಸ್ವರಗುಚ್ಛವನ್ನೇ ಹಿಡಿದು ಸುತ್ತುತ್ತಿರುತ್ತದೆ. ಬ್ಲೂಸ್‌ನ ವಾಡಿಕೆಯ 12 ಬಾರ್‌ಗಳ ಆವರ್ತ ಇಲ್ಲಿ ಸಡಿಲಗೊಂಡಿದೆ. ಹಾಗಾಗಿ ಆಲ್ಮಂಡ್ ಅವರ ಸ್ಯಾಕ್ಸೋಫೋನಿಗೆ ಎಲ್ಲಿಗೂ ಓಡಬೇಕಾದ ಅವಸರವಿಲ್ಲ. ಆಶುವಾದನ ಬೆಳೆಯುವುದು ಇಂಥ ಬಿಡುವಿನಲ್ಲೇ. ಕೊನೆಯ ‘ರೂಮ್ ಟು ಮೂವ್’ನಲ್ಲಿ ಮೇಯಲ್ ಬಾಯಿಯಿಂದಲೇ ‘ಚಿಕ ಚಿಕ’ ಎಂದು ತಾಳ ಹಾಕುತ್ತಾರೆ. ನಮ್ಮವರಿಗೆ ಕರ್ನಾಟಕ ಸಂಗೀತದ ಕೊನ್ನಕ್ಕೋಲ್ ನೆನಪಾದೀತು. ಆ ಲೆಕ್ಕಾಚಾರವೇನೂ ಇಲ್ಲಿಲ್ಲ, ಬರೀ ತಮಾಷೆ.

ಅದೇ ವರ್ಷ ಬಂದ ಕೊಲೊಸಿಯಮ್ ತಂಡದ ‘ವ್ಯಾಲೆಂಟೈನ್ ಸ್ವೀಟ್’ ಕೂಡ ಜಾಝ್-ಬ್ಲೂಸ್ ಬೆಸುಗೆಯೇ. ಆ ತಂಡ ಕಟ್ಟಿದವರಲ್ಲಿ ಜಾನ್ ಹೈಸ್‌ಮನ್, ಡಿಕ್ ಹೆಕ್‌ಸ್ಟಾಲ್-ಸ್ಮಿತ್ ಇಬ್ಬರೂ ಹಿಂದಿನ ವರ್ಷ ಮೇಯಲ್ ಅವರ ‘ಬೇರ್ ವೈರ್ಸ್’ ಆಲ್ಬಮ್ಮಿನಲ್ಲಿ ನುಡಿಸಿದ್ದವರು. ಕೊಲೊಸಿಯಮ್ ಸಂಗೀತದಲ್ಲಿ ಪಾಂಡಿತ್ಯ ಹೆಚ್ಚು, ಗದ್ದಲವೂ ಹೆಚ್ಚು.

ಮೇಯಲ್ ದೊಡ್ಡ ಗಾಯಕರಲ್ಲ. ದನಿ ತೆಳು, ಸಾಹಿತ್ಯವೂ ಹಲವೆಡೆ ಸಾಧಾರಣ. ಆದರೆ ಯಾರನ್ನು ಕರೆಯಬೇಕು, ಅವರು ನುಡಿಸುವಾಗ ತಾನು ಯಾವಾಗ ಸುಮ್ಮನಿರಬೇಕು ಎಂಬುದು ಅವರಿಗೆ ಗೊತ್ತಿತ್ತು. 2024ರ ಜುಲೈ 22ರಂದು, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು.

ಮೊದಲ ಸಲ ಕೇಳುವವರು ಜನಪ್ರಿಯವಾದ ‘ರೂಮ್ ಟು ಮೂವ್’ನಿಂದ ಶುರು ಮಾಡಬೇಡಿ. ‘ಕ್ಯಾಲಿಫೋರ್ನಿಯಾ’ ಮೊದಲು ಕೇಳಿ, ಅದೂ ಬೇಸ್ ಚೆನ್ನಾಗಿ ಕೇಳಿಸುವ ಸ್ಪೀಕರಿನಲ್ಲಿ. ಮೊಬೈಲಿನ ಸ್ಪೀಕರಿಗೆ ಅದು ದಕ್ಕುವುದಿಲ್ಲ.