ಕಪ್ಪು ಪರದೆ ಎಂದರೆ ಹ್ಯಾಕಿಂಗ್ ಅಲ್ಲ; ಅಲ್ಲಿ ‘ಭಾಲ್ಕಿ’ ಸರಿಯಾಗಿ ಕೂರುತ್ತದೆಯೇ?

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡಿದರೆ ಯಾರೋ ಹ್ಯಾಕ್ ಮಾಡುತ್ತಿದ್ದಾರೆ ಎನ್ನುವ ವಿಡಿಯೊಗಳು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತವೆ. ನಿಜಕ್ಕೂ ಅದು ಟರ್ಮಿನಲ್: ಬಟನ್ ಒತ್ತುವ ಬದಲು ಟೈಪ್ ಮಾಡಿ ಕೆಲಸ ಮಾಡಿಸುವ ಜಾಗ, ಅಷ್ಟೇ. ರೈಲ್ವೆ ಮುಂಗಡ ಟಿಕೆಟ್ ಕೌಂಟರ್‌ಗಳಲ್ಲಿ ಬಹುಕಾಲ ಬಳಕೆಯಾದ ಅಕ್ಷರಗಳ ಪರದೆಯೂ ಇದೇ ಬಗೆಯದು. (ಹಾಗೆಂದು ಫಾರ್ವರ್ಡ್‌ನಲ್ಲಿ ಬಂದ ಕಮಾಂಡನ್ನು ನಿಮ್ಮ ಕಂಪ್ಯೂಟರಿನಲ್ಲಿ ಪೇಸ್ಟ್ ಮಾಡಬೇಡಿ. ಅದರಿಂದ ನಿಜವಾಗಿಯೂ ಮೋಸ ನಡೆಯುತ್ತದೆ.)

‘ಇದು ಹಳೇ ಕಾಲದ್ದು’ ಎಂಬ ಮಾತೂ ಪೂರ್ತಿ ಸರಿಯಲ್ಲ. ಇಂಜಿನಿಯರಿಂಗ್ ಕಾಲೇಜುಗಳಿರುವ ಬೀದರ್, ಭಾಲ್ಕಿಯಲ್ಲಿ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗೆ ಈಗ ಹಲವು ಫ್ರೇಮ್‌ವರ್ಕ್‌ಗಳು ಸಿಗುತ್ತವೆ. ಪೈಥಾನ್ ಜೊತೆಗೇ ಬರುವ ಸರಳ ಸಲಕರಣೆ ಒಂದು ಸಾಲು ಕೇಳಿ ಒಂದು ಉತ್ತರ ಕೊಡುತ್ತದೆ. ‘ಪ್ರಾಂಪ್ಟ್ ಟೂಲ್‌ಕಿಟ್’ ಬರೆಯುತ್ತಿರುವಾಗಲೇ ಸಲಹೆ, ಬಣ್ಣ ತೋರಿಸುತ್ತದೆ; ಪ್ರೋಗ್ರಾಮರುಗಳ ನೆಚ್ಚಿನ ಐಪೈಥಾನ್ 2016ರಲ್ಲಿ ಇದಕ್ಕೇ ಬದಲಾಯಿತು. ‘ಟೆಕ್ಸ್ಚುವಲ್’ ಅಂತೂ ಅದೇ ಪರದೆಯಲ್ಲಿ ಪಟ್ಟಿ, ಬಟನ್, ಮೌಸ್ ಎಲ್ಲ ತರುತ್ತದೆ.

ಹೆಚ್ಚು ಸೌಲಭ್ಯ ಇರುವುದನ್ನೇ ಆರಿಸಿಬಿಡೋಣವೇ? ಕನ್ನಡದಲ್ಲಿ ಕೆಲಸ ಮಾಡುವುದಾದರೆ ಮೊದಲು ಒಂದು ಪರೀಕ್ಷೆ ಬೇಕು. ಟರ್ಮಿನಲ್ ಚೌಕಳಿ ಕಾಗದದಂತೆ: ಸಾಮಾನ್ಯವಾಗಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ. ಕನ್ನಡ ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ‘ಭಾಲ್ಕಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಆರು: ಭ, ಆಕಾರದ ಚಿಹ್ನೆ, ಲ, ವಿರಾಮ, ಕ, ಗುಡಿಸು. ‘ಬೀದರ್’, ‘ಔರಾದ್’ ಕಣ್ಣಿಗೆ ಮೂರು ಮೂರು, ಯೂನಿಕೋಡ್‌ನಲ್ಲಿ ಐದೈದು. ಇವು ಎಷ್ಟು ಮನೆ ಹಿಡಿಯುತ್ತವೆ ಎಂಬುದರಲ್ಲಿ ಫ್ರೇಮ್‌ವರ್ಕ್ ಒಂದು ಲೆಕ್ಕ ಹಾಕಿ, ಟರ್ಮಿನಲ್ ಇನ್ನೊಂದು ಹಾಕಿದರೆ ಸಾಲು ಜರುಗುತ್ತದೆ. ತಾಲೂಕುವಾರು ಮಳೆ, ತೊಗರಿಯ ಪಟ್ಟಿ ಮಾಡಿದ್ದೀರಿ ಎಂದುಕೊಳ್ಳಿ. ಭಾಲ್ಕಿಯ ಸಾಲಿನ ಅಂಕಿ ಪಕ್ಕದ ಕಾಲಂ ಕೆಳಗೆ ಹೋಗಿ ನಿಲ್ಲುತ್ತದೆ, ಓದುವವರು ಮಳೆಯನ್ನೇ ತೊಗರಿ ಎಂದು ಓದುತ್ತಾರೆ. ತಪ್ಪಿದೆ ಎಂಬ ಸೂಚನೆಯೂ ಬರುವುದಿಲ್ಲ. ಹಾಗಾಗಿ ಈ ಮೂರು ಊರುಗಳ ಹೆಸರಿನ ಪಟ್ಟಿಯನ್ನು, ಬಳಸುವವರ ಕಂಪ್ಯೂಟರಿನಲ್ಲೇ ಮುದ್ರಿಸಿ ನೋಡಬೇಕು. ಮಾಡಿದವರ ಲ್ಯಾಪ್‌ಟಾಪ್‌ನಲ್ಲಿ ಸರಿ ಕಂಡರೆ ಸಾಲದು.

ನೆಟ್‌ವರ್ಕ್ ವಿಷಯದಲ್ಲಿ ಅಷ್ಟು ಭಯ ಬೇಡ. 80 ಕಾಲಂ, 24 ಸಾಲಿನ ಪರದೆಯಲ್ಲಿ ಇರುವುದು 1,920 ಮನೆ. ಔರಾದ್‌ನಲ್ಲಿ ಕುಳಿತು ದೂರದ ಸರ್ವರ್ ತೆರೆದರೂ ಒಂದು ಪುಟದ ಬರಹ ಕೆಲವೇ ಕಿಲೋಬೈಟ್. ಫಾರ್ವರ್ಡ್ ಆಗುವ ಒಂದು ಫೋಟೊಗಿಂತ ಎಷ್ಟೋ ಹಗುರ. ಆದರೆ ಪ್ರತಿ ಕೀಲಿಗೂ ಇಡೀ ಪರದೆಯನ್ನು ಮತ್ತೆ ಬಿಡಿಸುವ ಆ್ಯಪ್ ನಿಧಾನದ ಸಂಪರ್ಕದಲ್ಲಿ ತಡವರಿಸುತ್ತದೆ.

ನಮ್ಮ ಅಭಿಪ್ರಾಯದಲ್ಲಿ, ಒಬ್ಬರೇ ಆಗೊಮ್ಮೆ ಈಗೊಮ್ಮೆ ಬಳಸುವ ಆ್ಯಪ್‌ಗೆ ಸರಳ ಸಲಕರಣೆ ಸಾಕು. ದಿನವಿಡೀ ಕಮಾಂಡ್ ಬರೆಯುವವರಿಗೆ ಸಲಹೆ ಕೊಡುವ ಫ್ರೇಮ್‌ವರ್ಕ್ ಶ್ರಮ ಉಳಿಸುತ್ತದೆ. ಯಾವುದನ್ನೇ ಆರಿಸಿ, ಬಣ್ಣ ಆರಿಸುವ ಆಯ್ಕೆ ಇರಲಿ. ಇಲ್ಲದಿದ್ದರೆ ಫಲಿತಾಂಶವನ್ನು ಫೈಲಿಗೆ ಉಳಿಸಿದಾಗ ಬಣ್ಣದ ಸಂಕೇತಗಳು ಕಸವಾಗಿ ಅದರಲ್ಲಿ ಸೇರಿಕೊಳ್ಳಬಹುದು.