ಕ್ರಿಸ್ತಜಯಂತಿಯ ದೀಪವೃಕ್ಷವು ಎಲ್ಲಿರಬೇಕು?

ಕ್ರಿಸ್ಮಸ್ ಮರಕ್ಕೆ ದೀಪವಿಡುವ ಪದ್ಧತಿಯು ಈಗ ಪಟ್ಟಣದ ಅಂಗಡಿಸಾಲುಗಳಲ್ಲಿಯೂ ಕಾಣಬರುತ್ತಿದೆ. ನಮ್ಮ ಶಾಲೆಯ ಸಭಾಗೃಹದಲ್ಲಿಯೂ ಪ್ಲಾಸ್ಟಿಕ್ಕಿನ ದೊಡ್ಡ ಮರವೊಂದನ್ನು ನಿಲ್ಲಿಸಿ, ರಾತ್ರಿಯ ಸಭೆಯಲ್ಲಿ ಗಣ್ಯರ ಹಸ್ತದಿಂದ ಬೆಳಗಿಸಬೇಕೆಂದು ಕೆಲವು ಪೋಷಕರ ಅಪೇಕ್ಷೆಯಿದೆ. ಅವರ ಉತ್ಸಾಹವು ಸ್ತುತ್ಯವಾದುದು. ಆದರೂ ಈ ವಿಷಯದಲ್ಲಿ ನನ್ನ ಅಭಿಪ್ರಾಯವು ಬೇರೆಯಾಗಿರುತ್ತದೆ.

ಸುವಾರ್ತೆಯಲ್ಲಿ ನಕ್ಷತ್ರವುಂಟು, ದೀಪದ ಮರವಿಲ್ಲ. ಅದು ಜರ್ಮನ್ ಮನೆಗಳಿಂದ ಲೋಕಕ್ಕೆ ಹಬ್ಬಿದ ಆಚಾರ. ಆ ಚಳಿನಾಡಿನಲ್ಲಿ ಹಿಮಕಾಲದಲ್ಲಿಯೂ ಹಸುರಾಗಿರುವುದು ಫರ್ ಜಾತಿಯ ಮರವಾದುದರಿಂದ ಜನರು ಅದನ್ನೇ ಆರಿಸಿಕೊಂಡರು. ಮುಂದೆ ಆ ಮರವು ಮನೆಯಿಂದ ಬೀದಿಗೆ ಬಂದಿತು. 1912ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಚೌಕದಲ್ಲಿ ಸಾರ್ವಜನಿಕರಿಗಾಗಿ ಮರವೊಂದನ್ನು ಬೆಳಗಿಸಿದರು. ಯುದ್ಧಕಾಲದ ನೆರವನ್ನು ಸ್ಮರಿಸಿ ನಾರ್ವೆಯ ಓಸ್ಲೋ ಪಟ್ಟಣದವರು 1947ರಿಂದ ಪ್ರತಿವರ್ಷವೂ ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ಮರವನ್ನು ಕಳುಹಿಸುತ್ತಿದ್ದಾರೆ. ಕೈಯಲ್ಲಿ ಕಾಸಿಲ್ಲದವನೂ ನಿಂತು ನೋಡಬಹುದೆಂಬುದೇ ಇಂತಹ ದೀಪಗಳ ಹಿರಿಮೆ.

ಈ ಭಾವವು ನಮ್ಮ ಸೀಮೆಗೆ ಹೊಸದಲ್ಲ. ಕಾರ್ತಿಕದಲ್ಲಿ ಗುಡಿಗಳ ಮುಂದೆ ದೀಪಮಾಲೆಯ ಕಂಬಗಳು ಬೆಳಗುತ್ತವೆ. ಕಲಬುರಗಿಯ ಬಂದೇನವಾಜರ ಉರುಸಿನಲ್ಲಿ ದೀಪಗಳಿಗೆಂದೇ ಒಂದು ದಿನ ಮೀಸಲುಂಟು. ದೀಪಾವಳಿಗೆ ಮನೆಗಳ ಮುಂದೆ ಆಕಾಶಬುಟ್ಟಿಗಳು ತೂಗುತ್ತವೆ. ಇವೆಲ್ಲವೂ ದಾರಿಹೋಕನಿಗೂ ಸಲ್ಲುವ ಬೆಳಕು. ನಮ್ಮ ದೀಪವು ಮಾತ್ರ ಸಭಾಗೃಹದ ಗೋಡೆಗಳೊಳಗೆ ಏಕಿರಬೇಕು?

ಶಾಲೆಯ ಬಾಗಿಲಲ್ಲಿ ಬೇವಿನ ಮರವಿದೆ. ಡಿಸೆಂಬರಿನಲ್ಲಿ ಅದು ಹಸುರಾಗಿಯೇ ಇರುತ್ತದೆ. ಮೊಳೆ ಹೊಡೆಯದೆ, ನೂಲಿನ ಹಗ್ಗದಿಂದ ಅದಕ್ಕೆ ದೀಪದ ಸರಗಳನ್ನು ಕಟ್ಟೋಣ. ಹಕ್ಕಿಗಳ ನಿದ್ರೆಗೆ ಭಂಗಬಾರದಂತೆ ಬೇಗನೆ ಆರಿಸೋಣ.

ಮರಕ್ಕಿಂತಲೂ ಮುಖ್ಯವಾದುದು ಹೊತ್ತು. ಹಳ್ಳಿಗಳಿಂದ ಬರುವ ಬಾಲಿಕೆಯರು ರಾತ್ರಿಯ ಸಭೆಗೆ ನಿಲ್ಲಲಾರರು. ಬಸ್ಸು ತಪ್ಪಿದರೆ ಅವರಿಗೆ ಗತಿಯಿಲ್ಲ. ತಿಂಗಳುಗಟ್ಟಲೆ ಹಾಡು ಕಲಿತವಳು ಅವಳು. ದೀಪ ಬೆಳಗುವಾಗ ಇಲ್ಲದವಳೂ ಅವಳೇ. ಇದು ನ್ಯಾಯವೇ? ಡಿಸೆಂಬರಿನಲ್ಲಿ ಆರು ಗಂಟೆಯೊಳಗೆ ಹೊತ್ತು ಮುಳುಗುತ್ತದೆ. ಆ ಕೂಡಲೆ, ದೀರ್ಘ ಭಾಷಣಗಳಿಲ್ಲದೆ, ಹಳ್ಳಿಯ ಕಿರಿಯ ಬಾಲಿಕೆಯೊಬ್ಬಳ ಕೈಯಿಂದಲೇ ದೀಪ ಬೆಳಗಿಸೋಣ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ನೆಲೆಸಿರುವ ಪೂರ್ವ ವಿದ್ಯಾರ್ಥಿನಿಯರೇ, ಸಂಜೆಯ ಬಸ್ಸಿಗಾಗಿ ಕಾಯುವ ಕಳವಳವನ್ನು ನೀವು ಬಲ್ಲಿರಿ. ಅಂದು ನೀವೂ ಊರಿನ ಪೋಷಕರೂ ಬಂದು, ಆ ಮಕ್ಕಳನ್ನು ಬಸ್ಸು ಹತ್ತಿಸುವ ಭಾರವನ್ನು ವಹಿಸಿಕೊಳ್ಳಬೇಕೆಂದು ನನ್ನ ವಿಜ್ಞಾಪನೆ. ಪ್ಲಾಸ್ಟಿಕ್ಕಿನ ಮರಕ್ಕೆ ಕೊಡುವ ಹಣಕ್ಕಿಂತ ಈ ಒಂದು ಗಂಟೆಯ ಸೇವೆಯು ಶಾಲೆಗೆ ಹೆಚ್ಚಿನ ಕಾಣಿಕೆಯಾಗುವುದು.